ಹೊಸತೊಡಕಿನ ಟಗರು, ಎಂಟು ವರ್ಷದ ಮಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ನಮ್ಮಲ್ಲಿಗೆ ಬಂದ ಹಳೇ ಮೈಸೂರು ಸೀಮೆಯ ಕುಟುಂಬ. ಬಾಡು ಎಲ್ಲಿಂದ ಬರುತ್ತದೆಂದು ಮಗಳಿಗೆ ತಿಳಿಯಲಿ ಅಂತ ತಂದೆ ದೀಪಾವಳಿ ಹೊತ್ತಿಗೆ ಸಂತೆಯಿಂದ ಬನ್ನೂರು ಟಗರು ಮರಿಯೊಂದನ್ನು ತಂದರು. ಸೊಪ್ಪು, ಹುರುಳಿ ಹೊಟ್ಟು, ನೀರು ಎಲ್ಲ ಅವಳ ಪಾಲಿಗೆ. ಹೆಸರಿಟ್ಟಳು, ಕೊರಳಿಗೆ ಗೆಜ್ಜೆ ಕಟ್ಟಿದಳು. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಅವಳನ್ನು ಅತ್ತೆ ಮನೆಗೆ ಕಳಿಸಿ ಟಗರು ಕೊಯ್ಯಿಸಿದರು. ಕೇಳಿದ್ದಕ್ಕೆ "ಸಂತೇಲಿ ಮಾರಿದ್ವಿ" ಅಂದರು. ಊಟದ ಮಧ್ಯೆ ದೊಡ್ಡಪ್ಪನ ಮಗ ನಿಜ ಹೇಳಿಬಿಟ್ಟ.

ಅಂದಿನಿಂದ ಅವಳು ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ರಾತ್ರಿ ಎದ್ದು ಹಿತ್ತಲಿಗೆ ಹೋಗಿ ನಾಯಿ ಇದೆಯಾ ಎಂದು ನೋಡಿ ಬರುತ್ತಾಳೆ. "ಇದನ್ನೂ ಮಾರ್ತೀರಾ?" ಎಂದು ತಾಯಿಯನ್ನು ಕೇಳುತ್ತಾಳೆ, ತಂದೆಯನ್ನು ಏನೂ ಕೇಳುವುದಿಲ್ಲ.

"ನಮ್ಮ ಕಾಲದಲ್ಲಿ ಹಿಂಗೆಲ್ಲ ಆಗ್ತಿರ್ಲಿಲ್ಲ" ಎಂದರು ತಂದೆ. ಆಗಿನ ಮನೆಗಳಲ್ಲಿ ಹಟ್ಟಿ ತುಂಬ ಕುರಿ, ಕೊಯ್ಯುವುದು ಮಕ್ಕಳ ಕಣ್ಣೆದುರೇ. ಇಲ್ಲಿ ಒಂದೇ ಪ್ರಾಣಿ, ಅದೂ ಮುಚ್ಚುಮರೆಯಲ್ಲಿ. ಸತ್ತದ್ದು ಮರಳಿ ಬಾರದು ಎಂಬುದು ಬಹುತೇಕ ಮಕ್ಕಳಿಗೆ ಐದರಿಂದ ಏಳು ವರ್ಷದೊಳಗೇ ತಿಳಿದಿರುತ್ತದೆ. ಇವಳಿಗೆ ತಿಳಿಯದಿದ್ದದ್ದು ಮುಂದಿನ ಸರದಿ ಯಾರದು ಎಂಬುದು. ನಾಯಿಯ ಭಯ ಅಲ್ಲಿಂದ ಬಂದದ್ದು.

ಮಗಳ ಜೊತೆ ತಂದೆ ಒಬ್ಬರೇ ಕೂತು ಹೇಳಬೇಕಾದ ಮಾತನ್ನು ಬರೆದೇ ಕೊಟ್ಟೆವು: "ಟಗರು ಕೊಯ್ಸಿದ್ದು ನಾನು. ಮಾರಿದ್ವಿ ಅಂದದ್ದು ಸುಳ್ಳು. ನಾಯೀನ ಯಾವತ್ತೂ ಕೊಯ್ಯಲ್ಲ, ಮಾರಲ್ಲ." ಇದರ ಕೊನೆಗೆ "ಆದರೆ" ಸೇರಿಸಿದರೆ ಹೇಳಿದ್ದೆಲ್ಲ ವ್ಯರ್ಥ. ಊಟಕ್ಕೆ ಬಲವಂತ ಬೇಡ. ಸಾರಿನಲ್ಲಿ ತುಂಡು ಬಚ್ಚಿಟ್ಟು ಬಡಿಸುವುದಂತೂ ಬೇಡವೇ ಬೇಡ, ಅದು ಎರಡನೇ ಸುಳ್ಳಾಗುತ್ತದೆ. ಹಾಲು, ಮೊಸರು, ಹೆಸರುಕಾಳು, ಕಡಲೆ ಸದ್ಯಕ್ಕೆ ಸಾಕು. ತೂಕ ಇಳಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಮತ್ತೆ ಸಾಕುವ ಆಸೆ ತಂದೆಗೆ ಇದೆ. ಹಾಗಿದ್ದರೆ, ಅವಳು ಒಪ್ಪಿದರೆ ಮಾತ್ರ, ಎಂಟು ಹತ್ತು ನಾಟಿ ಕೋಳಿಮರಿ ತನ್ನಿ. ಹಿಂಡಿನಲ್ಲಿ ಒಂದರ ಮೇಲೇ ಜೀವ ಇಡುವುದು ಕಡಿಮೆ, ಮೊಟ್ಟೆಯೂ ಸಿಗುತ್ತದೆ. ಉಳಿಸಿಕೊಳ್ಳುವ ಹೇಟೆಗೊಂದು ಬಣ್ಣದ ಕಾಲುಂಗುರ, ಬಾಡಿನ ಹುಂಜಕ್ಕೆ ಇನ್ನೊಂದು. ಇದನ್ನು ಹೆಣ್ಣು ಗಂಡು ಗೊತ್ತಾದ ದಿನವೇ ಅವಳ ಕೈಯಿಂದ ಹಾಕಿಸಿ. ಮೊದಲ ವಾರ ಬಲ್ಬಿನ ಕಾವು ಸುಮಾರು 35 ಡಿಗ್ರಿ, ಏಳನೇ ದಿನದ ಹೊತ್ತಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ ಲಸಿಕೆಯ ಹನಿ. ತಪ್ಪಿದರೆ ರೋಗಕ್ಕೆ ಹಿಂಡೇ ಹೋಗಿ, ಅವಳು ಇನ್ನೊಂದು ಆಘಾತಕ್ಕೆ ಸಿಗುತ್ತಾಳೆ.

ಹುಂಜ ಐದಾರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ನೋಡುವುದು ಬಿಡುವುದು ಅವಳಿಷ್ಟ: ಹಿಂದಿನ ದಿನ ಕೇಳಿ, ಬೆಳಿಗ್ಗೆ ಮತ್ತೆ ಕೇಳಿ. ಹಿಂದಿನ ರಾತ್ರಿ ಕಾಳು ಹಾಕುವುದಿಲ್ಲ, ನೀರು ಮಾತ್ರ. ಕರುಳು ಖಾಲಿಯಿದ್ದರೆ ಬಾಡು ಹೊಲಸಾಗದು. ಕಾರಣ ಹೇಳದಿದ್ದರೆ ಹಸಿವಿಗೆ ಕೆಡವಿದಿರಿ ಅಂದುಕೊಳ್ಳುತ್ತಾಳೆ. ಕತ್ತು ಕೊಯ್ದ ಮೇಲೂ ಸ್ವಲ್ಪ ಹೊತ್ತು ರೆಕ್ಕೆ ಬಡಿಯುತ್ತದೆ, ಪ್ರಜ್ಞೆ ಹೋದ ಮೇಲೂ ಸ್ನಾಯು ಅದುರುತ್ತವೆ ಎಂಬುದನ್ನು ಮೊದಲೇ ತಿಳಿಸಿ. ಮಕ್ಕಳು ಹೆಚ್ಚು ಬೆದರುವುದು ಅದಕ್ಕೇ. ಕೈ ಪಳಗಿದವರೇ ಹರಿತವಾದ ಚೂರಿಯಲ್ಲಿ ಕೊಯ್ಯಲಿ. ಮಗುವಿನ ಪಕ್ಕದಲ್ಲೇ ಇರಲು ಒಬ್ಬ ದೊಡ್ಡವರು ಬೇರೆ ಬೇಕು. ನೋಡಲೊಲ್ಲದ ಮಗುವಿಗೆ ಹುಂಜದ ಕಾಳು ಅರೆಯುವ ಗಟ್ಟಿ ಹೊಟ್ಟೆಯನ್ನು ಸೀಳಿ ಒಳಗಿನ ಸಣ್ಣ ಕಲ್ಲುಗಳನ್ನು ತೋರಿಸಿದರೂ ಆಯಿತು. ಅಲ್ಲಿಂದ ಪ್ರಶ್ನೆಗಳು ತಾವೇ ಶುರುವಾಗುತ್ತವೆ.

ಈಗ ಹುಡುಗಿ ಮೊಟ್ಟೆ ತಿನ್ನುತ್ತಾಳೆ, ಬಾಡು ಇಲ್ಲ. ಅಜ್ಜಿಗೆ ಅದೇ ಕೊರಗು. ಅದನ್ನು ತಟ್ಟೆಯ ಮುಂದೆ ಆಡಬಾರದೆಂದು ಅಜ್ಜಿಗೇ ಹೇಳಿದ್ದೇವೆ. ರಾತ್ರಿ ಎದ್ದು ನಾಯಿ ನೋಡುವುದು ಇನ್ನೂ ಒಂದು ತಿಂಗಳು ನಿಲ್ಲದಿದ್ದರೆ ಮಕ್ಕಳ ಮನೋವೈದ್ಯರ ಬಳಿ ಕರೆದೊಯ್ಯಲು, ನಡುವೆ ಏನಾದರೂ ಕೇಳುವುದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ತಿಳಿಸಿದೆವು.