ನೆರೆ, ಒಡ್ಡು, ಮರೆವು: ನದಿ–ಸಮಾಜದ ಮಾಡೆಲ್ ಕಟ್ಟುವವರ ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ಎಂ.ಟೆಕ್. ವಿದ್ಯಾರ್ಥಿ. ನೆರೆಯ ಮಾಡೆಲ್ (ಗಣಿತದ ಮಾದರಿ) ಸಿದ್ಧವಿದೆ. ಮುಂದಿನ 50 ವರ್ಷಗಳ ಜನಸಂಖ್ಯೆಯ ಅಂದಾಜನ್ನು ಅದಕ್ಕೆ ಕೊಟ್ಟು ಹಾನಿಯ ಲೆಕ್ಕ ತೆಗೆದಿದ್ದೇನೆ. ಇದನ್ನು ಸೋಶಿಯೋಹೈಡ್ರಾಲಜಿ (ನೀರು ಮತ್ತು ಸಮಾಜ ಒಂದನ್ನೊಂದು ಬದಲಿಸುವ ಬಗೆಯ ಅಧ್ಯಯನ) ಎನ್ನಬಹುದೇ?

ಉತ್ತರ: ಎನ್ನಲಾಗದು. ಜನಸಂಖ್ಯೆ ಹೊರಗಿನಿಂದ ಬಂದ ಪಟ್ಟಿಯಾಗಿರುವವರೆಗೆ, ನೆರೆ ಎಷ್ಟು ಸಲ ಬಂದರೂ ನಿಮ್ಮ ಊರಿಗೆ ಅದು ಗೊತ್ತೇ ಆಗುವುದಿಲ್ಲ. ಮುಳುಗಿದ ಮರುವರ್ಷವೂ ಪಟ್ಟಿಯಲ್ಲಿರುವಷ್ಟೇ ಬೆಳೆಯುತ್ತದೆ. ಜಲವಿಜ್ಞಾನಿ ಮುರುಗೇಸು ಶಿವಪಾಲನ್ ಮತ್ತು ಸಂಗಡಿಗರು 2012ರಲ್ಲಿ ಈ ಹೆಸರನ್ನು ಮುಂದಿಟ್ಟಾಗ ಹೇಳಿದ್ದೇ ಇದನ್ನು: ಜನ ನೀರಿನ ಲೆಕ್ಕದ ಹೊರಗಲ್ಲ, ಒಳಗಿರಬೇಕು.

ಒಳಗೆ ತರಲು ದೊಡ್ಡ ಮಾಡೆಲ್ ಬೇಕಿಲ್ಲ. ಜಲವಿಜ್ಞಾನಿ ಜೂಲಿಯಾನೊ ದಿ ಬಾಲ್ದಸ್ಸಾರೆ ಮತ್ತು ಸಂಗಡಿಗರ 2013ರ ಮಾಡೆಲ್‌ನಲ್ಲಿರುವ ಮುಖ್ಯ ಪರಿಮಾಣಗಳು ಐದೇ: ನೆರೆಹಾನಿ, ಊರಿನ ಗಾತ್ರ, ನದಿಯಿಂದ ಊರಿಗಿರುವ ದೂರ, ನದಿದಂಡೆಯ ಒಡ್ಡಿನ ಎತ್ತರ, ನೆರೆಯ ನೆನಪು. ಸ್ಪ್ರೆಡ್‌ಶೀಟ್‌ನಲ್ಲೇ ಆಗುವ ಕೆಲಸ. ವರ್ಷಕ್ಕೊಂದು ಸಾಲು ಹಾಕಿ.

ಮೊದಲು ಆ ವರ್ಷದ ಗರಿಷ್ಠ ನೀರಿನ ಮಟ್ಟ ಬರೆಯಿರಿ. ವಾರ್ಷಿಕ ಸರಾಸರಿ ಹರಿವು ಬೇಡ, ಸರಾಸರಿಯಲ್ಲಿ ನೆರೆ ಮುಳುಗಿಹೋಗುತ್ತದೆ. ಈ ಮಟ್ಟಕ್ಕೆ ಒಡ್ಡಿನ ಎತ್ತರದ ಒಂದಂಶವನ್ನು ಕೂಡಿಸಿ. ಒಡ್ಡು ಕಟ್ಟಿದಾಗ ಬಯಲಿಗೆ ಹರಡುತ್ತಿದ್ದ ನೀರು ಪಾತ್ರದಲ್ಲೇ ಉಳಿದು ಮೇಲೇರುತ್ತದೆ. ಲೆಕ್ಕದಲ್ಲಿ ಬಹಳ ಮಂದಿ ಮರೆಯುವ ಅಂಶ ಇದು. ಕೂಡಿ ಬಂದ ಮಟ್ಟ ಒಡ್ಡನ್ನು ಮೀರಿದರೆ ಹಾನಿಯನ್ನು 0ರಿಂದ 1ರ ನಡುವಿನ ಅನುಪಾತವಾಗಿ ಬರೆಯಿರಿ: ಊರು ದೂರವಿದ್ದಷ್ಟೂ ಕಡಿಮೆ. ಮೀರದಿದ್ದರೆ ಸೊನ್ನೆ. ಆಮೇಲೆ ನೆನಪು: ಕಳೆದ ವರ್ಷದ ನೆನಪನ್ನು 0.94ರಿಂದ ಗುಣಿಸಿ ಈ ವರ್ಷದ ಹಾನಿಯನ್ನು ಸೇರಿಸಿ, 1ನ್ನು ದಾಟಲು ಬಿಡಬೇಡಿ. ನೆನಪು ಗಟ್ಟಿಯಿದ್ದರೆ ಜನ ನದಿಯಿಂದ ಸರಿಯುತ್ತಾರೆ, ಮಸುಕಾದರೆ ಹತ್ತಿರ ಬರುತ್ತಾರೆ. ಒಡ್ಡು ಏರಿಸುವ ನಿರ್ಧಾರ ಕೊನೆಗೆ; ಅದರ ಖರ್ಚನ್ನು ಊರಿನ ಬೆಳವಣಿಗೆಯಿಂದ ಕಳೆಯಿರಿ, ಒಡ್ಡು ವರ್ಷವರ್ಷ ಸವೆಯುವುದನ್ನೂ ಲೆಕ್ಕಕ್ಕೆ ಸೇರಿಸಿ.

ಲೆಕ್ಕದ ಈ ಕ್ರಮ ತಪ್ಪಬಾರದು. ಆ ವರ್ಷದ ಮಟ್ಟ ನೋಡಿ ಒಡ್ಡು ಮೊದಲೇ ಏರಿಬಿಟ್ಟರೆ, ನೆರೆಯ ಹಿಂದಿನ ದಿನವೇ ಊರು ಎಚ್ಚೆತ್ತಂತಾಗಿ ಹಾನಿ ಎಂದೂ ಬರುವುದಿಲ್ಲ. ಫಲಿತಾಂಶ ವಿಪರೀತ ಚೆನ್ನಾಗಿ ಬಂದಾಗ ಮೊದಲು ಹುಡುಕಬೇಕಾದ ತಪ್ಪು ಇದೇ.

0.94 ಎಂದರೇನೆಂದು ಲೆಕ್ಕ ಹಾಕಿ ನೋಡಿ. ಸುಮಾರು 11 ವರ್ಷಕ್ಕೆ ನೆನಪು ಅರ್ಧವಾಗುತ್ತದೆ. ಹಾನಿ 0.3 ಆದ ಊರಿನಲ್ಲಿ, ನೆನಪು 0.2ಕ್ಕಿಂತ ಮೇಲಿದ್ದರಷ್ಟೇ ಒಡ್ಡಿಗೆ ಹಣ ಬಿಡುಗಡೆ ಎಂಬ ನಿಯಮವಿದ್ದರೆ, ಆರು ವರ್ಷ ದಾಟುವಷ್ಟರಲ್ಲಿ ಅವಕಾಶ ಮುಗಿಯಿತು. ಯೋಜನೆ, ಭೂಸ್ವಾಧೀನಕ್ಕೇ ಎಂಟು ವರ್ಷ ಹಿಡಿದರೆ ಆ ಒಡ್ಡು ಏಳುವುದೇ ಇಲ್ಲ. ಹಾಗಾಗಿ ನಿರ್ಧಾರ ಮತ್ತು ಕಾಮಗಾರಿಯ ನಡುವಿನ ವಿಳಂಬವನ್ನು ಮಾಡೆಲ್‌ನಲ್ಲಿ ಬೇರೆಯಾಗಿಯೇ ಇಡಿ.

ಇನ್ನು ಎತ್ತರದ ಒಡ್ಡು ಎದ್ದ ಊರಿನಲ್ಲಿ ಚಿಕ್ಕ ನೆರೆಗಳು ನಿಂತು ನೆನಪು ಕರಗುತ್ತದೆ, ಮನೆಗಳು ದಂಡೆಗೆ ಬರುತ್ತವೆ, ಒಡ್ಡನ್ನು ಮೀರುವ ಒಂದೇ ನೆರೆ ಬಂದಾಗ ಹಿಂದೆಂದೂ ಕಾಣದ ಹಾನಿ ಆಗುತ್ತದೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1945ರಲ್ಲೇ ಎಚ್ಚರಿಸಿದ ಸಂಗತಿ ಇದು. ನಿಮ್ಮ ಮಾಡೆಲ್ ಇದನ್ನು ತಾನಾಗಿ ತೋರಿಸಬೇಕು. ತೋರಿಸದಿದ್ದರೆ ದೂರ ಮತ್ತು ನೆನಪಿನ ನಡುವಿನ ಕೊಂಡಿ ಕಡಿದಿದೆ ಎಂದು ತಿಳಿಯಿರಿ.

ಪ್ರಶ್ನೆ: ‘ನೆನಪು’ ಎಂಬ ಪರಿಮಾಣವನ್ನು ಅಳೆಯುವುದು ಹೇಗೆ? ಪರೀಕ್ಷಕರು ಇದು ಬರೀ ಕಲ್ಪನೆ ಎನ್ನುತ್ತಾರೆ.

ಉತ್ತರ: ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ನೆನಪಿನ ಪರಿಣಾಮ ಮಾತ್ರ ಕಲ್ಪನೆಯಲ್ಲ. ರೈನ್ ನದಿ ಜರ್ಮನಿಯ ಕಲೋನ್‌ನಲ್ಲಿ 1993ರ ಡಿಸೆಂಬರ್‌ನಲ್ಲಿ 10.63 ಮೀಟರ್, 1995ರ ಜನವರಿಯಲ್ಲಿ 10.69 ಮೀಟರ್ ಮುಟ್ಟಿತು. ಎರಡನೆಯದು ತುಸು ಹೆಚ್ಚೇ ಇದ್ದರೂ ನಗರದ ಹಾನಿ ಸುಮಾರು ಅರ್ಧಕ್ಕಿಳಿಯಿತು. ಜನ, ಆಡಳಿತ ಎರಡೂ ಸಜ್ಜಾಗಿದ್ದವು.

ನೇರವಾಗಿ ಅಳೆಯಲು ಸಿಗದ್ದಕ್ಕೆ ಕುರುಹುಗಳನ್ನು ಹಿಡಿಯಬೇಕು. ನೆರೆ ವಿಮೆ ಮಾಡಿಸಿದವರ ವಾರ್ಷಿಕ ಸಂಖ್ಯೆ ಒಳ್ಳೆಯ ಕುರುಹು, ಅದರ ಹಿಂದೆ ಜನರ ದುಡ್ಡಿದೆ. ಪತ್ರಿಕೆಗಳಲ್ಲಿ ನೆರೆಯ ಸುದ್ದಿಗಳ ಎಣಿಕೆ ಸುಲಭ, ಆದರೆ ಸಂಪಾದಕರ ಆಸಕ್ತಿಯನ್ನೂ ಅಳೆದುಬಿಡುತ್ತದೆ. ನದಿಯಿಂದ ಊರಿನ ದೂರ ಅಳೆಯಲು 1972ರಿಂದ ಸಿಗುವ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಿವೆ, ಅದಕ್ಕೂ ಹಿಂದಕ್ಕೆ ಭೂನಕ್ಷೆಗಳು.

ನಿಜವಾದ ತೊಡಕು ಬೇರೆಡೆ ಇದೆ. ನೆನಪು ಮಾಸುವ ದರ ಮತ್ತು ಜನ ಸ್ಥಳಾಂತರಗೊಳ್ಳುವ ವೇಗ ಪರಸ್ಪರ ಮುಚ್ಚಿಕೊಳ್ಳುತ್ತವೆ: ನಿಧಾನ ಮರೆವು–ನಿಧಾನ ಚಲನೆ, ಬೇಗ ಮರೆವು–ಬೇಗ ಚಲನೆ, ಎರಡು ಜೋಡಿಯೂ ಒಂದೇ ಗೆರೆಯನ್ನು ಕೊಡಬಲ್ಲವು. ಒಂದನ್ನು ಕುರುಹಿನಿಂದ ಮೊದಲು ಕಟ್ಟಿಹಾಕಿ, ಇನ್ನೊಂದನ್ನು ಮಾತ್ರ ಹೊಂದಿಸಿ. ನಂತರ ಅದೇ ವಾರ್ಷಿಕ ಗರಿಷ್ಠ ಮಟ್ಟಗಳನ್ನು ಇಸ್ಪೀಟಿನಂತೆ ಕಲಸಿ ಸಾವಿರ ಸಲ ಓಡಿಸಿ. ಅವೇ ನೆರೆಗಳು ಬೇರೆ ಕ್ರಮದಲ್ಲಿ ಬಂದರೆ ಬೇರೆಯೇ ಊರು ಹುಟ್ಟುವುದು ಕಾಣುತ್ತದೆ. ವರದಿಯಲ್ಲಿ ಒಂದೇ ಗೆರೆ ಎಳೆಯದೆ ಈ ಹರವನ್ನು ತೋರಿಸಿ. ಇತಿಹಾಸ ನಮಗೆ ಕೊಟ್ಟಿರುವುದು ಸಾವಿರದಲ್ಲಿ ಒಂದನ್ನಷ್ಟೇ.

ಪ್ರಶ್ನೆ: ಅಚ್ಚುಕಟ್ಟು ಪ್ರದೇಶಕ್ಕೆಲ್ಲ ಹನಿ ನೀರಾವರಿ ಬಂದರೆ ಕೆಳಭಾಗಕ್ಕೆ ಹೆಚ್ಚು ನೀರು ಹರಿಯುತ್ತದೆ ಎಂದು ನಮ್ಮ ಮಾಡೆಲ್ ಹೇಳುತ್ತಿದೆ. ಸರಿಯೇ?

ಉತ್ತರ: ಬಸಿದು ನದಿಗೆ ಮರಳುವ ನೀರನ್ನು ನೀವು ‘ನಷ್ಟ’ದ ಖಾತೆಗೆ ಹಾಕಿರಬೇಕು. ಮೊದಲು ನದಿಯಿಂದ 100 ಪಾಲು ಎತ್ತಿ, 55 ಪಾಲು ಬೆಳೆ–ಆವಿಯಲ್ಲಿ ಹೋಗಿ, 45 ಮರಳುತ್ತಿತ್ತು ಎಂದುಕೊಳ್ಳಿ. ಹನಿ ನೀರಾವರಿ ಬಂದ ಮೇಲೆ ಎತ್ತುವುದು 70ಕ್ಕೆ ಇಳಿಯಿತು; ಆದರೆ ಉಳಿಕೆಯ ಆಸೆಗೆ ರೈತರು ಇನ್ನಷ್ಟು ನೆಲ ಉತ್ತು ಅದರಲ್ಲಿ 63 ಬೆಳೆಗೇ ಹೋಯಿತು, ಮರಳಿದ್ದು 7. ಎತ್ತುವಳಿ 30 ಪಾಲು ಕಡಿಮೆಯಾದರೂ ನದಿ 8 ಪಾಲು ಹೆಚ್ಚು ಕಳೆದುಕೊಂಡಿತು. ಎತ್ತಿದ ನೀರು, ಬಳಕೆಯಾದ ನೀರು, ಮರಳಿದ ನೀರು, ಈ ಮೂರಕ್ಕೂ ಬೇರೆ ಬೇರೆ ಕಾಲಂ ಹಾಕಿ. ಬಿತ್ತುವ ವಿಸ್ತೀರ್ಣವನ್ನು ಸ್ಥಿರವಾಗಿಡದೆ ಹಿಂದಿನ ವರ್ಷ ಕೈಗೆ ಸಿಕ್ಕ ನೀರಿಗೆ ತಕ್ಕಂತೆ ಬದಲಾಗಲು ಬಿಡಿ. ಮರಳುವ ನೀರು ಉಪ್ಪು ನೆಲಕ್ಕೋ ಸಮುದ್ರಕ್ಕೋ ಸೇರುವ ಕಡೆ ಮಾತ್ರ ನಿಮ್ಮ ಹಳೆಯ ಲೆಕ್ಕ ನಿಂತೀತು.