ರಕ್ತದ ಸ್ಟೆಮ್ ಸೆಲ್ ಬೆಳೆಯೋದರಲ್ಲಿ ಕೈನೇಸ್ ಕಿಣ್ವಗಳ ಕೆಲಸ ಏನು?

ಬೇರೆ ಪ್ರೋಟೀನಿಗೆ ಫಾಸ್ಫೇಟ್ ಎಂಬ ಪುಟ್ಟ ರಾಸಾಯನಿಕ ತುಣುಕು ಅಂಟಿಸಿ, ಹೊರಗಿನ ಸುದ್ದಿಯನ್ನು ಕೋಶದ ಒಳಗೆ ಮುಟ್ಟಿಸೋದು, ಅಷ್ಟೇ. ಆದರೆ ಅದು ತಪ್ಪಿದರೆ ಪಜೀತಿ.

ಎಲುಬಿನ ಮಜ್ಜೆಯ ಸ್ಟೆಮ್ ಸೆಲ್‌ಗಳಿಂದಲೇ ಎಲ್ಲ ರಕ್ತಕಣಗಳೂ ಹುಟ್ಟುತ್ತವೆ. ಅವು ಉಳಿದುಕೊಳ್ಳಲು ಯಕೃತ್ತಿನಿಂದ ಬರುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನ್ ಬೇಕು. ಕೆಂಪುಕಣವಾಗಲು ಹೊರಟ ಕೋಶಗಳಿಗೆ ಕಿಡ್ನಿಯ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಬೇಕು. ಎರಡೂ ಕೋಶದ ಹೊರಮೈಗೆ ಬಂದು ಅಂಟುತ್ತವೆ. ಆಗ ಅಲ್ಲೇ ಒಳಗಡೆ ಕೂತಿರುವ ಜಾಕ್-2 ಎಂಬ ಕೈನೇಸ್ ಎಚ್ಚರವಾಗಿ, ಸ್ಟಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸ್ಟಾಟ್ ಕೋಶಕೇಂದ್ರಕ್ಕೆ ಹೋಗಿ ಬೇಕಾದ ಜೀನ್‌ಗಳನ್ನು ಶುರು ಮಾಡುತ್ತದೆ. ಕೆಲಸ ನಿಲ್ಲಿಸಲು ಫಾಸ್ಫಟೇಸ್ ಎಂಬ ಇನ್ನೊಂದು ಬಗೆಯ ಕಿಣ್ವ ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ.

ನಮ್ಮ ಕುಮಟಾ ಕಡೆ ಗಜನಿ ಗದ್ದೆಗೆ, ಅಂದರೆ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆಗೆ, ಮರದ ಬಾಗಿಲು ಇರುತ್ತದಲ್ವಾ? ಭರತ, ಇಳಿತ ನೋಡಿ ತೆಗೆದು ಮುಚ್ಚಬೇಕು. ತೆರೆದೇ ಉಳಿದರೆ ಉಪ್ಪುನೀರು ನುಗ್ಗಿ, ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತವೂ ಹಾಳು.

ಜಾಕ್-2ರಲ್ಲೂ ಹೀಗಾಗುತ್ತದೆ. ಅದರ 617ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ತುಣುಕು) ಬದಲಾದರೆ ಬಾಗಿಲು ಮುಚ್ಚೋದೇ ಇಲ್ಲ. 2005ರಲ್ಲಿ ಇದು ಪತ್ತೆಯಾಯಿತು. ಕೆಂಪುಕಣ ವಿಪರೀತ ಹೆಚ್ಚುವ ಪಾಲಿಸೈಥೀಮಿಯಾ ವೇರಾ ಇರುವವರಲ್ಲಿ ಹೆಚ್ಚುಕಮ್ಮಿ ಎಲ್ಲರಲ್ಲೂ ಈ ಬದಲಾವಣೆ ಸಿಗುತ್ತದೆ.

ನಮ್ಮ ಮಾವನಿಗೂ ಇದೇ ಕಾಯಿಲೆ. ಬಿಸಿನೀರು ಮಿಂದು ಬಂದರೆ ಸಾಕು, ಮೈಯೆಲ್ಲ ತುರಿಕೆ. ಸೋಪು ಬದಲಿಸಿದ್ದೇ ಬಂತು! ಕೊನೆಗೆ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 19 ಬಂದಾಗಲೇ ವಿಷಯ ತಿಳಿದದ್ದು. ಈಗ ಆಗಾಗ ರಕ್ತ ತೆಗೆಸುತ್ತಾರೆ. ಜಾಕ್ ಕಿಣ್ವವನ್ನೇ ತಡೆಯುವ ರುಕ್ಸೊಲಿಟಿನಿಬ್ ಮಾತ್ರೆಯೂ ಇದೆ, ಮಾವನಿಗೆ ಇನ್ನೂ ಅದರ ಅಗತ್ಯ ಬಿದ್ದಿಲ್ಲ.