ಪ್ರತಿಕ್ರಿಯೆ: ಲಾಭದ ಅರ್ಧ ಡಿವಿಡೆಂಡ್ ಕೊಡಬಹುದೇ?

ಪ್ರತಿವರ್ಷ ಲಾಭದ ಅರ್ಧವನ್ನು ಷೇರುದಾರರಿಗೆ ಡಿವಿಡೆಂಡ್ (ಲಾಭಾಂಶ) ಆಗಿ ಕೊಡುವ ನೀತಿ ಮಾಡಬಹುದೇ ಎಂದು ಕೇಳಿದ್ದೀರಿ. ಸರಕು ವ್ಯಾಪಾರದ ಸಣ್ಣ ಕಂಪನಿಗೆ ದಯವಿಟ್ಟು ಬೇಡ. ಟನ್ನಿಗೆ 500ರಂತೆ ಕೊಂಡ 100 ಟನ್ ಮಾಲು 600ಕ್ಕೆ ಮಾರಿದರೆ ಲೆಕ್ಕದಲ್ಲಿ 10,000 ಲಾಭ. ಅಷ್ಟೇ ಮಾಲನ್ನು ಹೊಸ ದರದಲ್ಲಿ ತುಂಬಿಸಿಕೊಂಡರೆ ಆ 10,000 ಪೂರ್ತಿ ಅಲ್ಲಿಗೇ ಹೋಯಿತು. ಅರ್ಧ ಹಂಚಿದ್ದರೆ 5,000 ಸಾಲ ಮಾಡಬೇಕು.

ಹಾಗಾಗಿ ನಿವ್ವಳ ಲಾಭದಿಂದ ಮೊದಲು ಇನ್ನೂ ಕೈಗೆ ಬಾರದ ಫ್ಯೂಚರ್ಸ್ (ಮುಂದಿನ ದಿನಾಂಕದ ಮಾಲಿಗೆ ಈಗಲೇ ದರ ನಿಗದಿ ಮಾಡುವ ಒಪ್ಪಂದ) ಲಾಭ ಕಳೆಯಿರಿ, ಆಮೇಲೆ ದಾಸ್ತಾನಿನಲ್ಲೂ ಗ್ರಾಹಕರ ಬಾಕಿಯಲ್ಲೂ ಹೆಚ್ಚುವರಿಯಾಗಿ ಸಿಕ್ಕಿಕೊಂಡ ಹಣ. ಬೆಲೆ 20% ತಿರುಗಿಬಿದ್ದರೆ ಫ್ಯೂಚರ್ಸ್ ಒಪ್ಪಂದಕ್ಕೆ ಭದ್ರತೆಯಾಗಿ ಕಟ್ಟಬೇಕಾದ ಮಾರ್ಜಿನ್‌ಗೂ ನಗದು ತೆಗೆದಿಡಿ. ಹೆಡ್ಜ್ (ಮಾಲಿನ ಬೆಲೆ ಏರಿಳಿತದ ನಷ್ಟ ತಪ್ಪಿಸಲು ಮಾಡಿಕೊಂಡ ಫ್ಯೂಚರ್ಸ್ ಒಪ್ಪಂದ) ಸರಿಯಾಗಿದ್ದರೂ ಇದು ಬೇಕೇಬೇಕು: ಮಾರ್ಜಿನ್ ತಕ್ಷಣ ಕಟ್ಟಬೇಕು, ಮಾಲಿನ ದುಡ್ಡು ಬರುವುದು ಆಮೇಲೆ. ಉಳಿದದ್ದರಲ್ಲಿ ಮೂರನೇ ಒಂದು ಭಾಗ ಹಂಚಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ, ಅದೂ ಆಡಿಟ್ ಮುಗಿದ ಮೇಲೆ. ಬ್ಯಾಂಕಿನ ಸಾಲಪತ್ರದಲ್ಲಿ ಡಿವಿಡೆಂಡ್‌ಗೆ ನಿರ್ಬಂಧ ಇದೆಯೇ ಎಂಬುದನ್ನೂ ಓದಿ ನೋಡಿ.